ಬಸುರಿಯ ಆತಂಕ, ಮಗುವಿನ ಬೆಳವಣಿಗೆ: ಪ್ರಾಣಿಗಳಿಂದ ನಾವು ಕಲಿತದ್ದು

(ಆರೋಗ್ಯ ಶಿಬಿರದಲ್ಲಿ ಊರಿನಿಂದ ಬಂದಿರುವ ಹಿರಿಯರಿಗಾಗಿ ಮಾಡಿದ ಭಾಷಣದ ಬರಹರೂಪ)

ಬಿ.ಪಿ., ಶುಗರ್ ನೋಡಿಸಿಕೊಂಡು, ಕಾಫಿ ಕುಡಿದು ಬಂದು ಕೂತಿದ್ದೀರಿ. ನಿಮ್ಮನ್ನು ಹೆಚ್ಚು ಹೊತ್ತು ಕೂರಿಸುವುದಿಲ್ಲ.

ನಿಮ್ಮಲ್ಲಿ ಅನೇಕರು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದಿರುವುದು ಮಗಳ ಅಥವಾ ಸೊಸೆಯ ಬಾಣಂತನಕ್ಕೆ. ನನ್ನ ಮೇಜಿನ ಹತ್ತಿರ ಬಂದವರು ಮೊದಲು ತಮ್ಮ ಮಂಡಿನೋವು ಹೇಳುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಡಾಕ್ಟ್ರೇ, ನಮ್ಮ ಹುಡುಗಿಗೆ ಎಂಟು ತಿಂಗಳು. ರಾತ್ರಿ ಹನ್ನೊಂದಾದರೂ ಮೀಟಿಂಗ್ ಅಂತ ಕೂತಿರ್ತಾಳೆ. ಸದಾ ಟೆನ್ಷನ್. ಹೊಟ್ಟೆಯಲ್ಲಿರೋ ಕೂಸಿಗೆ ಏನಾದ್ರೂ ಆಗುತ್ತಾ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಾಯಿಯ ತೀವ್ರವಾದ, ಬಹುಕಾಲದ ಒತ್ತಡ ಗರ್ಭದಲ್ಲಿರುವ ಮರಿಯನ್ನು ಮುಟ್ಟುತ್ತದೆ ಎಂಬುದು ಪ್ರಾಣಿಗಳಲ್ಲಿ ಚೆನ್ನಾಗಿ ಸಾಬೀತಾಗಿದೆ. ಹುಟ್ಟಿದ ಮೇಲೆ ಸಿಗುವ ಒಳ್ಳೆಯ ಆರೈಕೆ ಅದರಲ್ಲಿ ಬಹಳಷ್ಟನ್ನು ಸರಿಮಾಡುತ್ತದೆ ಎಂಬುದೂ ಅದೇ ಪ್ರಾಣಿಗಳಲ್ಲೇ ಗೊತ್ತಾಗಿದೆ. ಮೊದಲನೆಯ ಮಾತು ಎಲ್ಲರ ವಾಟ್ಸ್ಆ್ಯಪ್‌ಗೂ ಬರುತ್ತದೆ. ಎರಡನೆಯದು ಬರುವುದಿಲ್ಲ. ಅದಕ್ಕೇ ಇವತ್ತು ಎರಡನ್ನೂ ಹೇಳುತ್ತೇನೆ.

ಪ್ರಾಣಿಗಳ ಮೇಲೆ ಯಾಕೆ?

ಬಸುರಿ ಹೆಂಗಸನ್ನು ಬೇಕೆಂದೇ ಹೆದರಿಸಿ ಏನಾಗುತ್ತದೆ ಎಂದು ನೋಡಲು ಆಗುವುದಿಲ್ಲ, ನೋಡಬಾರದು. ಕಷ್ಟದಲ್ಲಿರುವ ತಾಯಂದಿರನ್ನು ಗಮನಿಸೋಣ ಎಂದರೆ ಅಲ್ಲಿ ಎಲ್ಲವೂ ಕಲಸಿಕೊಂಡಿರುತ್ತದೆ. ಊಟ ಸಾಲದೆ ಹೋಯಿತೋ, ನಿದ್ದೆ ಇಲ್ಲದೆ ಹೋಯಿತೋ, ವಂಶದಿಂದ ಬಂದ ಸ್ವಭಾವವೋ ಎಂದು ಬಿಡಿಸಿ ಹೇಳುವುದು ಕಷ್ಟ. ಪ್ರಾಣಿಗಳಲ್ಲಿ ಒಂದೇ ಮೇವು, ಒಂದೇ ಜಾಗ ಕೊಟ್ಟು ಒಂದು ಅಂಶವನ್ನು ಮಾತ್ರ ಬದಲಾಯಿಸಿ ನೋಡಬಹುದು.

ನಿಮಗೆ ಗೊತ್ತಿರುವ ಪ್ರಾಣಿಯಿಂದಲೇ ಶುರುಮಾಡೋಣ. ಗಬ್ಬದ ಹಸುವನ್ನು ಹೊಡೆಯಬಾರದು, ಓಡಿಸಬಾರದು, ಬಿಸಿಲಲ್ಲಿ ಕಟ್ಟಬಾರದು ಎಂದು ಹಳ್ಳಿಯಲ್ಲಿ ಬೆಳೆದವರು ಕೇಳಿಯೇ ಇರುತ್ತೀರಿ. ಇಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಇದನ್ನೇ ಅಳೆದು ನೋಡಿದ್ದಾರೆ. ಬೇಸಿಗೆಯಲ್ಲಿ, ಹಾಲು ಬತ್ತಿಸಿದ ಗಬ್ಬದ ಹಸುಗಳನ್ನು ಎರಡು ಗುಂಪು ಮಾಡಿದರು. ನೆರಳು ಎರಡು ಗುಂಪಿಗೂ ಇತ್ತು. ಒಂದು ಗುಂಪಿಗೆ ಮಾತ್ರ ಫ್ಯಾನು ಹಾಕಿ, ಮೈಮೇಲೆ ನೀರು ಚಿಮುಕಿಸಿದರು. ಕರು ಹಾಕುವ ಮುಂಚಿನ ಕೊನೆಯ ಆರು ವಾರ ಮಾತ್ರ ಈ ವ್ಯತ್ಯಾಸ. ತಂಪಾಗಿದ್ದ ಹಸುಗಳ ಕರುಗಳು ಹುಟ್ಟುವಾಗಲೇ ಹೆಚ್ಚು ತೂಕ ಇದ್ದವು. ಆ ಹೆಣ್ಣುಕರುಗಳು ದೊಡ್ಡವಾಗಿ ತಾವೇ ಕರು ಹಾಕಿದಾಗ, ಬಿಸಿಯಲ್ಲಿ ಬೆಂದ ತಾಯಂದಿರ ಕರುಗಳಿಗಿಂತ ಹೆಚ್ಚು ಹಾಲು ಕೊಟ್ಟವು. 2020ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಈ ವ್ಯತ್ಯಾಸ ಮೊಮ್ಮಗಳ ತಲೆಮಾರಿನ ಹಸುಗಳಲ್ಲೂ ಕಾಣಿಸಿತು. ಅಜ್ಜಿ ಹಸುವಿಗೆ ಆರು ವಾರ ಹಾಕಿದ ಫ್ಯಾನಿನ ಗಾಳಿ ಮೊಮ್ಮಗಳವರೆಗೂ ಮುಟ್ಟಿತು!

ಬಿಸಿಲು ದೇಹಕ್ಕೆ ಆಗುವ ಒತ್ತಡ. ಮನಸ್ಸಿನ ಒತ್ತಡಕ್ಕೂ ಹೀಗೆ ಆಗುತ್ತದೆಯೇ?

ಹೆದರಿದ ಇಲಿ, ಬೆಚ್ಚಿದ ಕೋತಿ

1957ರಲ್ಲಿ ವಿಲಿಯಂ ಥಾಂಪ್ಸನ್ ಎಂಬ ವಿಜ್ಞಾನಿ ಹೆಣ್ಣು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಎರಡು ಕೋಣೆಯ ಪೆಟ್ಟಿಗೆ; ಬಜರ್ ಸದ್ದಾದರೆ ಕರೆಂಟಿನ ಶಾಕ್ ಬರುತ್ತದೆ, ಬಾಗಿಲು ದಾಟಿ ಪಕ್ಕದ ಕೋಣೆಗೆ ಹೋದರೆ ತಪ್ಪಿಸಿಕೊಳ್ಳಬಹುದು. ಇಲಿಗಳು ಇದನ್ನು ಕಲಿತ ಮೇಲೆ ಅವು ಗಬ್ಬವಾದವು. ಆಮೇಲೆ ಶಾಕ್ ಕೊಡಲೇ ಇಲ್ಲ. ದಿನಕ್ಕೆ ಮೂರು ಸಲ ಬಜರ್ ಮಾತ್ರ ಬಾರಿಸಿದರು, ಆದರೆ ಬಾಗಿಲು ಮುಚ್ಚಿಬಿಟ್ಟರು. ಮೈಗೆ ನೋವಿಲ್ಲ. ಇದ್ದದ್ದು ಭಯ, ಮತ್ತು ತಪ್ಪಿಸಿಕೊಳ್ಳಲು ದಾರಿ ಇಲ್ಲದ ಸ್ಥಿತಿ.

ಆ ತಾಯಂದಿರ ಮರಿಗಳನ್ನು ಬಯಲಿನಂಥ ಜಾಗದಲ್ಲಿ ಬಿಟ್ಟರೆ ಅವು ಕಡಿಮೆ ಓಡಾಡಿದವು. ಗೂಡಿನಿಂದ ಹೊರಗೆ ಬರಲು ಹಿಂಜರಿದವು. ಹುಟ್ಟಿದ ಮರಿಗಳನ್ನು ತಾಯಂದಿರ ನಡುವೆ ಅದಲುಬದಲು ಮಾಡಿಯೂ ನೋಡಿದ್ದರು. ಹಾಗಾಗಿ ಇದು ಹುಟ್ಟುವ ಮುಂಚೆಯೇ ಬಂದ ಪರಿಣಾಮ ಎಂದು ಹೇಳಲು ಆಧಾರ ಸಿಕ್ಕಿತು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೇರಿ ಷ್ನೈಡರ್ ಮತ್ತು ಅವರ ಜೊತೆಗಾರರು ರೀಸಸ್ ಕೋತಿಗಳನ್ನು ನೋಡಿದರು. ಗಬ್ಬದ ಕೋತಿಯನ್ನು ವಾರಕ್ಕೆ ಐದು ದಿನ, ದಿನಕ್ಕೆ ಹತ್ತು ನಿಮಿಷ ಗುಂಪಿನಿಂದ ಬೇರೆ ಮಾಡಿ ಕತ್ತಲೆಯ ಪಂಜರದಲ್ಲಿಟ್ಟು, ಯಾವಾಗ ಎಂದು ಗೊತ್ತಾಗದ ಹಾಗೆ ಮೂರು ಸಲ ಹಾರ್ನ್ ಬಾರಿಸಿದರು. ಹುಟ್ಟಿದ ಮರಿಗಳ ತೂಕ ಸ್ವಲ್ಪ ಕಡಿಮೆ. ಗಮನ ಕೊಟ್ಟು ನೋಡುವುದು, ಕೈಕಾಲಿನ ಹತೋಟಿ ನಿಧಾನ. ಹೊಸ ಜಾಗಕ್ಕೆ ಹೋದಾಗ ಬೇಗ ಕಂಗೆಡುತ್ತಿದ್ದವು.

ಈ ಎರಡು ಪ್ರಯೋಗಗಳಲ್ಲಿ ಒಂದು ಸಮಾನ ಅಂಶ ಗಮನಿಸಿ. ತಾಯಿಗೆ ಕೆಲಸ ಜಾಸ್ತಿ ಕೊಡಲಿಲ್ಲ, ನೋಯಿಸಲೂ ಇಲ್ಲ. ಒತ್ತಡ ಮತ್ತೆ ಮತ್ತೆ ಬಂತು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಕೋತಿಯ ವಿಷಯದಲ್ಲಿ ಯಾವಾಗ ಬರುತ್ತದೆ ಎಂದೂ ಗೊತ್ತಿರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಭಯ ಹೊಟ್ಟೆಗೆ ಹೇಗೆ ತಲುಪುತ್ತದೆ?

ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಚಿಕ್ಕ ಗ್ರಂಥಿ ಇದೆ. ಹೆದರಿಕೆಯಾದಾಗ ಅದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ನಮಗೆ ಬೇಕಾದದ್ದೇ. ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವುದರಲ್ಲೂ ಅದರ ಪಾಲಿದೆ.

ತಾಯಿಯ ಕಾರ್ಟಿಸಾಲ್ ಎಲ್ಲವೂ ಮಗುವಿಗೆ ಹೋಗುವುದಿಲ್ಲ. ಹೆರಿಗೆ ಆದ ಮೇಲೆ ಬೀಳುವ ಮಾಸು ಇದೆಯಲ್ಲ, ಡಾಕ್ಟರು ಪ್ಲಾಸೆಂಟಾ ಅನ್ನುವುದು, ಅದು ಬಾಗಿಲು ಕಾಯುವವನ ಹಾಗೆ. ಅದರಲ್ಲಿರುವ ಒಂದು ಕಿಣ್ವ ತಾಯಿಯ ಕಾರ್ಟಿಸಾಲನ್ನು ಕೆಲಸಕ್ಕೆ ಬಾರದ ರೂಪಕ್ಕೆ ತಿರುಗಿಸುತ್ತದೆ. ಸ್ವಲ್ಪ ಭಾಗ ಮಾತ್ರ ಒಳಗೆ ಹೋಗುತ್ತದೆ. ಒಂದು ದಿನ ಅತ್ತರೆ, ಒಂದು ಸಲ ಜಗಳವಾದರೆ ಈ ಕಾವಲು ಕುಸಿಯುವುದಿಲ್ಲ. ಆದರೆ ದಿನಗಟ್ಟಲೆ ಮತ್ತೆ ಮತ್ತೆ ಒತ್ತಡದಲ್ಲಿಟ್ಟ ಇಲಿಗಳ ಮಾಸಿನಲ್ಲಿ ಆ ಕಿಣ್ವವೇ ಕಡಿಮೆಯಾದದ್ದು ಕಂಡಿದೆ. ಆಗ ಒತ್ತಡದ ಹಾರ್ಮೋನು ಹೆಚ್ಚು ಒಳಗೆ ಹೋಗಿ, ಬೆಳೆಯುತ್ತಿರುವ ಮಿದುಳಿನಲ್ಲಿ ಒತ್ತಡವನ್ನು ಹತೋಟಿಯಲ್ಲಿಡುವ ಭಾಗದ ಮೇಲೆ ಪರಿಣಾಮ ಮಾಡುತ್ತದೆ. ಅಂಥ ಮರಿಯಲ್ಲಿ ಗಂಟೆ ಬೇಗ ಬಾರಿಸುತ್ತದೆ, ನಿಲ್ಲುವುದು ತಡ.

ಇದನ್ನು ಕೇಳಿ ಕಾರ್ಟಿಸಾಲ್ ವಿಷ ಎಂದುಕೊಳ್ಳಬೇಡಿ. ನ್ಯೂಜಿಲೆಂಡ್‌ನ ಡಾಕ್ಟರ್ ಲಿಗಿನ್ಸ್ 1969ರಲ್ಲಿ ಕುರಿಗಳಲ್ಲಿ ಒಂದು ವಿಷಯ ಕಂಡುಕೊಂಡರು. ಈ ಜಾತಿಯ ಔಷಧ ಕೊಟ್ಟರೆ, ದಿನ ತುಂಬುವ ಮುಂಚೆ ಹುಟ್ಟಿದ ಕುರಿಮರಿಯ ಶ್ವಾಸಕೋಶ ಬೇಗ ಬಲಿತು ಅದು ಉಸಿರಾಡುತ್ತದೆ. 1972ರಲ್ಲಿ ಅವರು ಮತ್ತು ಡಾಕ್ಟರ್ ಹೋವಿ ತಾಯಂದಿರಲ್ಲೂ ಇದನ್ನು ತೋರಿಸಿದರು. ಅಂದಿನಿಂದ ಎಷ್ಟೋ ಕೂಸುಗಳು ಇದರಿಂದ ಬದುಕಿವೆ. ನಿಮ್ಮ ಮಗಳಿಗೆ ಅವಧಿಗೆ ಮುಂಚೆ ನೋವು ಬಂದು ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕು ಎಂದರೆ "ಬೇಡ" ಅನ್ನಬೇಡಿ. ಪ್ರಶ್ನೆ ಇರುವುದು ಎಷ್ಟು, ಯಾವಾಗ, ಎಷ್ಟು ದಿನ ಎಂಬುದರಲ್ಲಿ.

ಕಾಡಿನಲ್ಲಿ ಏನಾಗುತ್ತದೆ?

ಪಂಜರದ ಹೊರಗೂ ನೋಡೋಣ. ಕೆನಡಾದ ಉತ್ತರದ ಯೂಕಾನ್ ಪ್ರದೇಶದಲ್ಲಿ ಚಳಿಗಾಲಕ್ಕೆ ಬೆಳ್ಳಗಾಗುವ ಮೊಲಗಳಿವೆ. ಅವನ್ನು ತಿನ್ನುವ ಲಿಂಕ್ಸ್ ಎಂಬ ಕಾಡುಬೆಕ್ಕು ಹೆಚ್ಚಾದ ವರ್ಷಗಳಲ್ಲಿ ಗಬ್ಬದ ಮೊಲಗಳ ಒತ್ತಡದ ಹಾರ್ಮೋನು ಏರುತ್ತದೆ. ಮರಿಗಳು ಕಡಿಮೆ, ಹುಟ್ಟಿದವೂ ಸಣ್ಣ. ಸಂಶೋಧಕರು ತರಬೇತಿ ಕೊಟ್ಟ ಒಂದು ನಾಯಿಯನ್ನು ಗಬ್ಬದ ಮೊಲಗಳ ಆವರಣಕ್ಕೆ ಆಗಾಗ ಸ್ವಲ್ಪ ಹೊತ್ತು ಬಿಟ್ಟು ನೋಡಿದರು. ನಾಯಿ ಯಾವ ಮೊಲವನ್ನೂ ಮುಟ್ಟಲಿಲ್ಲ. ಆದರೂ ಅದೇ ಫಲಿತಾಂಶ ಬಂತು.

ಅದೇ ಯೂಕಾನ್‌ನಲ್ಲಿ ಕೆಂಪು ಅಳಿಲುಗಳ ಮೇಲೆ ನಡೆದ ಕೆಲಸ 2013ರಲ್ಲಿ ಪ್ರಕಟವಾಯಿತು. ಸುತ್ತ ಅಳಿಲುಗಳು ಬಹಳ ಇವೆ ಎಂದು ತಾಯಿ ಅಳಿಲು ಭಾವಿಸಲಿ ಎಂದು, ಬೇರೆ ಅಳಿಲುಗಳ ಕೂಗನ್ನು ಸ್ಪೀಕರಿನಲ್ಲಿ ಹಾಕಿದರು. ತಾಯಿಯ ಒತ್ತಡದ ಹಾರ್ಮೋನು ಏರಿತು. ಆದರೆ ಮರಿಗಳು ನಿಧಾನವಾಗಲಿಲ್ಲ, ಬೇಗ ಬೇಗ ಬೆಳೆದವು! ನೂಕುನುಗ್ಗಲಿರುವ ಕಾಡಿನಲ್ಲಿ ಬೇಗ ಬೆಳೆದ ಮರಿಯೇ ಮೊದಲ ಚಳಿಗಾಲ ದಾಟುವುದು ಹೆಚ್ಚು.

ಅಂದರೆ ತಾಯಿಯ ದೇಹ ಒಳಗಿರುವ ಮರಿಗೆ ಹೊರಗಿನ ಲೋಕದ ಸುದ್ದಿ ಕಳಿಸುತ್ತಿರುತ್ತದೆ. ಮರಿ ಅದಕ್ಕೆ ತಕ್ಕಂತೆ ತಯಾರಾಗುತ್ತದೆ. ಒತ್ತಡ ಎಂದರೆ ಯಾವಾಗಲೂ ಹಾನಿ ಎಂದು ಲೆಕ್ಕ ಹಾಕಲು ಬರುವುದಿಲ್ಲ.

ಸರಿಹೋಗುತ್ತದೆ ಎಂಬ ಸಾಕ್ಷಿ

ಈಗ ವಾಟ್ಸ್ಆ್ಯಪ್‌ನಲ್ಲಿ ಬರದ ಭಾಗ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಮಾರ್ಟಾ ವೈನ್‌ಸ್ಟಾಕ್ ಅವರ ತಂಡ, ಒತ್ತಡದಲ್ಲಿದ್ದ ಇಲಿಗಳ ಮರಿಗಳನ್ನು ಹುಟ್ಟಿದ ಮೇಲೆ ದಿನವೂ ಸ್ವಲ್ಪ ಹೊತ್ತು ಕೈಯಲ್ಲಿ ಎತ್ತಿಕೊಂಡು ಮತ್ತೆ ತಾಯಿಯ ಹತ್ತಿರ ಬಿಡುತ್ತಿತ್ತು. ಅಷ್ಟೇ ಕೆಲಸ. ದೊಡ್ಡವಾದಾಗ ಆ ಮರಿಗಳಲ್ಲಿ ಅತಿಯಾದ ಪುಕ್ಕಲುತನ ಕಾಣಲಿಲ್ಲ. ಇದು 1990ರ ಮಾತು. 1995ರಲ್ಲಿ ಫ್ರಾನ್ಸಿನ ತಂಡವೊಂದು, ಅಂಥ ಮರಿಗಳನ್ನು ಹುಟ್ಟಿದ ಕೂಡಲೇ ಬೇರೆ ತಾಯಿಯ ಮಡಿಲಿಗೆ ಹಾಕಿದರೆ ಅವುಗಳ ಒತ್ತಡದ ಹಾರ್ಮೋನು ಸರಿಯಾದ ಹತೋಟಿಗೆ ಬರುತ್ತದೆ ಎಂದು ತೋರಿಸಿತು.

ಯಾಕೆ ಹೀಗೆ? ಕೆನಡಾದ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಅವರ ತಂಡ ಉತ್ತರ ಹುಡುಕಿತು. ಕೆಲವು ತಾಯಿ ಇಲಿಗಳು ಮರಿಯನ್ನು ಬಹಳ ನೆಕ್ಕಿ ಸವರುತ್ತವೆ, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದಾಗ ಶಾಂತವಾಗಿದ್ದವು. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹೆಚ್ಚು ನೆಕ್ಕುವ ತಾಯಿಯ ಹತ್ತಿರ ಬೆಳೆಸಿದರೆ ಅದೂ ಶಾಂತವಾಯಿತು. 2004ರಲ್ಲಿ ಅವರು ಇನ್ನೂ ಒಳಗೆ ಹೋಗಿ ನೋಡಿದರು. ವಂಶದಿಂದ ಬಂದ ಜೀನು ಬದಲಾಗಿರಲಿಲ್ಲ. ಆದರೆ ಒತ್ತಡವನ್ನು ಇಳಿಸುವ ಒಂದು ಜೀನಿನ ಸ್ವಿಚ್ಚು, ನೆಕ್ಕಿಸಿಕೊಂಡ ಮರಿಯ ಮಿದುಳಿನಲ್ಲಿ ಹೆಚ್ಚು ತೆರೆದುಕೊಂಡಿತ್ತು.

ಸವರುವುದು, ಎತ್ತಿಕೊಳ್ಳುವುದು, ಮೈಗೆ ಮೈ ತಾಗಿಸುವುದು: ಇವನ್ನೇ ನಮ್ಮ ಕಡೆ ಬಾಣಂತನ ಅನ್ನುವುದು.

ನಮಗೆ ಎಷ್ಟು ಅನ್ವಯಿಸುತ್ತದೆ?

ಇಲಿಯ ಗರ್ಭ ಮೂರು ವಾರದ್ದು, ನಮ್ಮದು ಒಂಬತ್ತು ತಿಂಗಳದ್ದು. ಪ್ರಯೋಗದ ಭಯಕ್ಕೂ ಆಫೀಸಿನ ಡೆಡ್‌ಲೈನಿಗೂ ಹೋಲಿಕೆ ಇಲ್ಲ. ಮನುಷ್ಯರಲ್ಲೂ ಯುದ್ಧ, ದೊಡ್ಡ ದುರಂತ, ಮನೆಯೊಳಗಿನ ಹಿಂಸೆ, ಚಿಕಿತ್ಸೆ ಸಿಗದ ಖಿನ್ನತೆ ಇಂಥವು ಮಗುವಿನ ತೂಕಕ್ಕೂ ಬೆಳವಣಿಗೆಗೂ ಒಳ್ಳೆಯದಲ್ಲ ಎಂದು ತಿಳಿದಿದೆ. ಆದರೂ ಕಷ್ಟದಲ್ಲಿ ಬಸುರಾದ ತಾಯಂದಿರ ಬಹುಪಾಲು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ.

ದಿನನಿತ್ಯದ ಟೆನ್ಷನ್? ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜಾನೆಟ್ ಡಿಪಿಯೆಟ್ರೊ 2006ರಲ್ಲಿ, ಆರೋಗ್ಯವಾಗಿರುವ ಬಸುರಿಯರನ್ನೂ ಅವರ ಎರಡು ವರ್ಷದ ಮಕ್ಕಳನ್ನೂ ನೋಡಿ ಬರೆದರು: ಬಸುರಿನಲ್ಲಿ ಸಾಧಾರಣ ಮಟ್ಟದ ಚಿಂತೆ ಇದ್ದ ತಾಯಂದಿರ ಮಕ್ಕಳು ಹಿಂದೆ ಬಿದ್ದಿರಲಿಲ್ಲ, ಸ್ವಲ್ಪ ಮುಂದೆಯೇ ಇದ್ದರು. ನಿಮ್ಮ ಹುಡುಗಿಯ ಮೀಟಿಂಗಿನ ಬಗ್ಗೆ ನೀವು ಇಷ್ಟು ಹೆದರಬೇಕಿಲ್ಲ.

ಹಿರಿಯರು ಮಾಡಬಹುದಾದದ್ದು

ಹಿಂದೆ ಹೇಳಿದ ಮಾತಿಗೆ ಬರುತ್ತೇನೆ. ಪ್ರಾಣಿಗಳಿಗೆ ತೊಂದರೆ ಕೊಟ್ಟದ್ದು ಮೂರು: ಯಾವಾಗ ಏನಾಗುತ್ತದೆ ಎಂದು ಗೊತ್ತಿಲ್ಲದಿರುವುದು, ತಪ್ಪಿಸಿಕೊಳ್ಳಲು ದಾರಿ ಇಲ್ಲದಿರುವುದು, ಒಂಟಿಯಾಗಿರುವುದು. ಮನೆಯಲ್ಲಿ ಈ ಮೂರನ್ನೂ ನೀವು ಕಡಿಮೆ ಮಾಡಬಹುದು.

ಒಂದು: ದಿನಕ್ಕೊಂದು ಕ್ರಮ ಇರಲಿ. ಊಟ, ನಿದ್ದೆ, ವಾಕಿಂಗಿಗೆ ಹೊತ್ತು ಗೊತ್ತಿರಲಿ. ಸೀಮಂತಕ್ಕೆ ಎಷ್ಟು ಜನ, ಯಾರನ್ನು ಕರೆಯಬೇಕು ಎಂಬುದನ್ನು ಅವಳನ್ನು ಕೇಳಿ ಮಾಡಿ. ಮಗು ನೋಡಲು ಬರುವವರು ಫೋನ್ ಮಾಡಿ ಬರಲಿ.

ಎರಡು: ಅವಳ ಮಾತು ನಡೆಯಲಿ. ತಿನ್ನುವುದು ಬಿಡುವುದು, ಆಸ್ಪತ್ರೆ, ಕೆಲಸದ ರಜೆ ಇವುಗಳಲ್ಲಿ ತೀರ್ಮಾನ ಅವಳದು. "ಇಲ್ಲಿಯ ಡಾಕ್ಟರಿಗೆ ಏನು ಗೊತ್ತು" ಅನ್ನಬೇಡಿ. ಥೈರಾಯ್ಡ್, ಬಿ.ಪಿ., ಶುಗರ್, ಮನಸ್ಸಿನ ಖಿನ್ನತೆ ಇವುಗಳ ಮಾತ್ರೆಯನ್ನು ನೀವಾಗಿ ನಿಲ್ಲಿಸಲು ಹೇಳಬೇಡಿ. ನಿಲ್ಲಿಸಿದರೆ ಆಗುವ ತೊಂದರೆಯೇ ದೊಡ್ಡದು.

ಮೂರು: ಜೊತೆಗಿರಿ. ಅವಳು ಬೇಸರ ಹೇಳಿಕೊಂಡರೆ ಉಪದೇಶ ಬೇಡ, ಕೇಳಿಸಿಕೊಳ್ಳಿ. ಪಾತ್ರೆ ತೊಳೆಯಲು ಮಗನನ್ನೋ ಅಳಿಯನನ್ನೋ ಕರೆಯಿರಿ; ಮರ್ಯಾದೆಗೇನೂ ಕಡಿಮೆಯಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು: "ನೀನು ಹೀಗೆ ಅಳ್ತಾ ಕೂತರೆ ಮಗುವಿಗೆ ಆಗುತ್ತೆ" ಎಂಬ ಮಾತು ಬಾಯಿಂದ ಬರಬಾರದು. ನೀವು ಪ್ರೀತಿಯಿಂದಲೇ ಹೇಳುತ್ತೀರಿ. ಆದರೆ ಅವಳ ತಲೆಯ ಮೇಲೆ ಚಿಂತೆ ಎರಡಾಗುತ್ತದೆ: ಮೊದಲಿನ ದುಃಖ ಒಂದು, ಆ ದುಃಖದಿಂದ ಮಗುವಿಗೆ ಕೆಟ್ಟದು ಮಾಡಿದೆ ಎಂಬ ಭಯ ಇನ್ನೊಂದು. ಮಗುವಿಗೆ ಮುಂದೆ ಜ್ವರ ಬಂದರೂ, ಮಾತು ತಡವಾದರೂ, ಅವಳು ತನ್ನನ್ನೇ ಬೈದುಕೊಳ್ಳುತ್ತಾಳೆ.

ಪ್ರಹ್ಲಾದನ ಕಥೆ ನಿಮಗೆಲ್ಲ ಗೊತ್ತು. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ನಾರದರ ಉಪದೇಶ ಕೇಳಿದ ಎಂಬುದನ್ನು ನಾವು ನೆನಪಿಟ್ಟುಕೊಂಡಿದ್ದೇವೆ. ಅದಕ್ಕೂ ಮೊದಲು ಏನಾಯಿತು ನೋಡಿ. ಬಸುರಿ ಕಯಾಧುವನ್ನು ಇಂದ್ರ ಎಳೆದುಕೊಂಡು ಹೋಗುತ್ತಿದ್ದ. ನಾರದರು ಅವನನ್ನು ತಡೆದು ಬಿಡಿಸಿ, ಗಂಡ ಬರುವವರೆಗೆ ನಿರ್ಭಯವಾಗಿರು ಎಂದು ತಮ್ಮ ಆಶ್ರಮದಲ್ಲಿ ಇಟ್ಟುಕೊಂಡರು. ಉಪದೇಶ ಆಮೇಲಿನದು, ಆಸರೆ ಮೊದಲಿನದು.

ಹೆರಿಗೆಯ ನಂತರ

ಕೂಸನ್ನು ಎತ್ತಿಕೊಳ್ಳಿ. ಎತ್ತಿಕೊಂಡರೆ ಅಭ್ಯಾಸ ಕೆಡುತ್ತದೆ ಎಂಬ ಮಾತು ಮೊದಲ ತಿಂಗಳುಗಳಿಗೆ ಹೊಂದುವುದಿಲ್ಲ. ಎಣ್ಣೆ ಹಚ್ಚಿ ಹಗುರವಾಗಿ ಸವರಿ; ಕಿವಿ, ಮೂಗಿಗೆ ಎಣ್ಣೆ ಬಿಡಬೇಡಿ, ಕೈಕಾಲು ಜೋರಾಗಿ ಎಳೆಯಬೇಡಿ. ಅಜ್ಜಂದಿರೂ ಎತ್ತಿಕೊಳ್ಳಬಹುದು. ರಾತ್ರಿ ಎದ್ದ ತಾಯಿಗೆ ಹಗಲು ಎರಡು ಗಂಟೆ ಬಿಡದೆ ನಿದ್ದೆ ಮಾಡಲು ಅವಕಾಶ ಕೊಡಿ. ಅದು ಅವಳಿಗೂ ಔಷಧ, ಕೂಸಿಗೂ ಔಷಧ.

ಒಂದು ಎಚ್ಚರಿಕೆ. ಹೆರಿಗೆಯಾದ ಮೊದಲ ಕೆಲವು ದಿನ ಕಣ್ಣೀರು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಕೂಸು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಕೂಸಿನ ಕಡೆ ನೋಡಲೂ ಮನಸ್ಸಿಲ್ಲದಿದ್ದರೆ ಅದು ಸೋಮಾರಿತನವಲ್ಲ, ದೃಷ್ಟಿಯೂ ಅಲ್ಲ. ಅದೊಂದು ಕಾಯಿಲೆ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬಸುರಿನಲ್ಲೂ ಇದು ಬರಬಹುದು. ಮಗನಿಗೋ ಅಳಿಯನಿಗೋ ಹೇಳಿ ಅವಳ ಡಾಕ್ಟರಿಗೆ ಫೋನ್ ಮಾಡಿಸಿ. ತಾಯಂದಿರಿಗಾಗಿಯೇ ಇರುವ ಉಚಿತ ಸಹಾಯವಾಣಿ 1-833-852-6262. ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು, ದುಭಾಷಿಯನ್ನು ಕೇಳಬಹುದು. ಸಾಯುವ ಮಾತಾಡಿದರೆ 988ಕ್ಕೆ ಕರೆ ಮಾಡಿ. ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಅಂದರೆ, ಇಲ್ಲದ್ದು ಕಾಣುತ್ತದೆ ಕೇಳುತ್ತದೆ ಅಂದರೆ ತಡಮಾಡದೆ 911. ಅವಳನ್ನೂ ಕೂಸನ್ನೂ ಬಿಟ್ಟು ಕದಲಬೇಡಿ. ಈ ನಂಬರುಗಳನ್ನು ಫ್ರಿಜ್ ಮೇಲೆ ಅಂಟಿಸಿ.

ಕೊನೆಗೆ ನಿಮ್ಮ ಬಗ್ಗೆ. ಊರಿನಲ್ಲಿ ಬೆಳಿಗ್ಗೆ ಎದ್ದರೆ ಹಾಲಿನವನಿಂದ ಹಿಡಿದು ಪಕ್ಕದ ಮನೆಯವರವರೆಗೆ ಮಾತಿಗೆ ಜನ. ಇಲ್ಲಿ ಕಾರಿಲ್ಲದೆ ಎಲ್ಲಿಗೂ ಹೋಗಲು ಆಗುವುದಿಲ್ಲ, ಹಗಲಿಡೀ ಮುಚ್ಚಿದ ಮನೆ. ನಿಮಗೂ ಒತ್ತಡ ಆಗುತ್ತದೆ. ಊರಿಂದ ತಂದ ಮಾತ್ರೆ ಮುಗಿಯುವ ಮುಂಚೆ ಹೇಳಿ. ದಿನಕ್ಕೊಮ್ಮೆ ಹೊರಗೆ ನಡೆದು ಬನ್ನಿ. ವಾರಕ್ಕೊಮ್ಮೆ ಇಲ್ಲಿಗೆ ಬಂದು ನಾಲ್ಕು ಜನರ ಜೊತೆ ಕನ್ನಡ ಮಾತಾಡಿ. ಕೂಸನ್ನು ಎತ್ತಿಕೊಳ್ಳುವ ಕೈ ಗಟ್ಟಿಯಾಗಿರಬೇಕಲ್ಲ.

ಊಟದ ಹೊತ್ತಾಯಿತು. ಊಟವಾದ ಮೇಲೆ ನಾನು ಬಿ.ಪಿ. ಮೇಜಿನ ಪಕ್ಕದಲ್ಲೇ ಇರುತ್ತೇನೆ. ಎಲ್ಲರ ಮುಂದೆ ಕೇಳಲು ಸಂಕೋಚವಾಗುವ ಪ್ರಶ್ನೆ ಇದ್ದರೆ ಅಲ್ಲಿ ಬಂದು ಕೇಳಿ.